ನಿಧಿಯ ಬಾಯಿಗೆ ಡಮ್ಮಿ ಇಟ್ಟ ಚಳಿಗಾಲ

ಹೋದ ತಿಂಗಳು ನನ್ನ ಕಚೇರಿಯ ಹುಡುಗಿಯೊಬ್ಬಳ ಮನೆಗೆ ಕೂಸು ನೋಡಲು ಹೋಗಿದ್ದೆ. ಹೆರಿಗೆಯಾಗಿ ಮೂರು ವಾರವಾಗಿತ್ತು. ಒಲೆಯ ಮೇಲೆ ಸಣ್ಣ ಪಾತ್ರೆಯಲ್ಲಿ ನೀರು ಮರಳುತ್ತಿತ್ತು. ಚಹಾ ಇರಬೇಕೆಂದು ಬಗ್ಗಿ ನೋಡಿದರೆ ಕಾದ ರಬ್ಬರಿನ ವಾಸನೆ ಮುಖಕ್ಕೆ ಬಡಿಯಿತು. ನೀರಿನೊಳಗೆ ಜೇನಿನ ಬಣ್ಣದ ಎರಡು ಡಮ್ಮಿಗಳು ಏಳುತ್ತ ಮುಳುಗುತ್ತ ಇದ್ದವು. ಹಾಲುಗೂಸು ಅಳದೆ ಚೀಪುತ್ತಿರಲೆಂದು ಬಾಯಿಗಿಡುವ ರಬ್ಬರಿನ ತೊಟ್ಟಿಗೆ ಇಲ್ಲಿ, ಆಸ್ಟ್ರೇಲಿಯಾದಲ್ಲಿ, ಎಲ್ಲರೂ ಡಮ್ಮಿ ಎನ್ನುತ್ತಾರೆ. “ಕೊಡಬಹುದಾ ಅಕ್ಕಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ, ತಲೆ ಕೆಟ್ಟುಹೋಗಿದೆ,” ಎಂದಳು ಹುಡುಗಿ. ಉತ್ತರ ಹೇಳಬೇಕಾದ ನಾನು ಪಾತ್ರೆಯನ್ನೇ ನೋಡುತ್ತ ನಿಂತೆ. ಆ ವಾಸನೆಗೆ ನನ್ನೊಳಗೆ ಹಳೆಯ ಸಿಟ್ಟೊಂದು ಎದ್ದು ಕೂತಿತ್ತು.

2014ರ ಚಳಿಗಾಲದ ಸಿಟ್ಟು ಅದು. ಆಗ ನಾವು ಸಿಡ್ನಿಯ ಹ್ಯಾರಿಸ್ ಪಾರ್ಕ್‌ನಲ್ಲಿದ್ದೆವು. ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ಸಿಗುವ ಹಳೆಯ ಇಟ್ಟಿಗೆ ಕಟ್ಟಡದ ಎರಡನೆಯ ಮಹಡಿಯಲ್ಲಿ ಮನೆ. ಕಿಟಕಿ ತೆರೆದರೆ ಒಂದು ಕಡೆಯಿಂದ ರೈಲಿನ ಸದ್ದು, ಇನ್ನೊಂದು ಕಡೆಯಿಂದ ಮಿಠಾಯಿ ಅಂಗಡಿಯ ಎಣ್ಣೆಯ ವಾಸನೆ. ನನ್ನ ಗಂಡ ಗುರುವಿನ ಆಫೀಸು ಪಕ್ಕದ ಪ್ಯಾರಮಟ್ಟಾದಲ್ಲಿ. ನಡೆದೇ ಹೋಗಿ ಬರುತ್ತಿದ್ದ. ನಾನು ಅಲ್ಲೇ ಒಂದು ವಿಮೆ ಕಂಪನಿಯಲ್ಲಿದ್ದೆ, ಹೆರಿಗೆ ರಜೆ ಹಾಕಿದ್ದೆ. ಜೂನ್ ಮೊದಲ ವಾರ, ಇಲ್ಲಿಯ ಚಳಿಗಾಲ ಶುರುವಾಗುತ್ತಿದ್ದಂತೆ, ಮಗಳು ನಿಧಿ ಹುಟ್ಟಿದಳು. ಅದಕ್ಕೆ ಹತ್ತು ದಿನ ಮೊದಲು ಧಾರವಾಡದಿಂದ ನನ್ನ ಅವ್ವ ಬಂದಿಳಿದಿದ್ದಳು.

ಅವ್ವನ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಕಲಘಟಗಿ ಕಡೆಯ ಹಳ್ಳಿಗಳಲ್ಲಿ ಮೂವತ್ತೊಂದು ವರ್ಷ ಸರ್ಕಾರಿ ನರ್ಸ್ ಆಗಿ ತಿರುಗಿದವಳು. ಬಸ್ಸಿಲ್ಲದ ಊರಿಗೆ ನಡೆದು, ಬಸ್ಸಿದ್ದ ಊರಿಗೆ ನಿಂತುಕೊಂಡೇ ಹೋಗಿ ಹೆರಿಗೆ ಮಾಡಿಸಿದವಳು. ಆ ಕಡೆ ಆಕೆಯ ಹೆಸರು ಯಾರಿಗೂ ಗೊತ್ತಿಲ್ಲ, ನರ್ಸಬಾಯಿ ಎಂದರೆ ಎಲ್ಲರಿಗೂ ಗೊತ್ತು. ಬಾಣಂತಿಯರಿಗೆ ಆಕೆ ಹೇಳುತ್ತಿದ್ದ ಮಾತು ಒಂದೇ: ಆರು ತಿಂಗಳು ಎದೆಹಾಲು, ಅದರ ಹೊರತು ಕೂಸಿನ ಬಾಯಿಗೆ ಏನೂ ಇಲ್ಲ, ನೀರೂ ಇಲ್ಲ. ಈ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿ ಕೇಳಿ ಬೇಸತ್ತಿದ್ದೆ. ನನ್ನ ಬಾಣಂತನಕ್ಕೆಂದು ಅಂಟಿನುಂಡಿ, ಅಜವಾನ, ಕೂಸಿಗೆ ಕುಡಿಸಲು ಒಂದು ಸ್ಟೀಲಿನ ಒಳಲೆ, ಎರಡು ಕಿಲೋ ಅಳವಿ ಬೀಜ ಕಟ್ಟಿಕೊಂಡು ಬಂದಿದ್ದಳು. ಬೀಜ ದೇಶದೊಳಗೆ ಬರುವಂತಿಲ್ಲವೆಂದು ವಿಮಾನ ನಿಲ್ದಾಣದಲ್ಲಿ ಅಳವಿಯನ್ನು ಇಟ್ಟುಕೊಂಡರು. “ಹಾಲು ಇಳಿಯೋ ಔಷಧಾನ ಕಸಗೊಂಡ್ರಲ್ಲ,” ಎಂದು ಮೂರು ದಿನ ಗೊಣಗಿದಳು. ನಾಲ್ಕನೆಯ ದಿನ ಅದೇ ಅಳವಿ ಹ್ಯಾರಿಸ್ ಪಾರ್ಕ್‌ನ ದಿನಸಿ ಅಂಗಡಿಯಲ್ಲಿ ಸಿಕ್ಕಿತು. ಆಗಲೂ ಆಕೆಗೆ ಸಮಾಧಾನವಾಗಲಿಲ್ಲ, ಮೋಸ ಹೋದಂತೆ ಮುಖ ಮಾಡಿಕೊಂಡಳು.

ಹಾಲು ಇಳಿಯಿತು. ತೊಂದರೆ ಅದಾಗಿರಲಿಲ್ಲ. ನಿಧಿ ಎದೆ ಬಿಡುತ್ತಿರಲಿಲ್ಲ, ಅದು ತೊಂದರೆ. ಹಗಲೆಲ್ಲ ಹೇಗೋ ಸಾಗುತ್ತಿತ್ತು. ಸಂಜೆ ಐದಕ್ಕೆ ಹೊರಗೆ ಕತ್ತಲಾಗುತ್ತಿದ್ದಂತೆ ಶುರು. ಹೀರುತ್ತಾಳೆ, ಬಿಡುತ್ತಾಳೆ, ಕಿರುಚುತ್ತಾಳೆ, ಮತ್ತೆ ಬಾಯಿ ಹಾಕುತ್ತಾಳೆ. ಎಂಟರ ತನಕ ನಾನು ಅದೇ ಸೋಫಾದ ಅದೇ ಮೂಲೆಯಲ್ಲಿ. ತೊಟ್ಟು ಒಡೆದು ರಕ್ತ ಬರುತ್ತಿತ್ತು. ಪ್ರತಿ ಸಲ ಅವಳು ಬಾಯಿ ಹಾಕಿದಾಗ ನಾನು ಕಾಲಿನ ಬೆರಳು ಮಡಚಿ ಹತ್ತು ಎಣಿಸುತ್ತಿದ್ದೆ. ಕೆಳಗಿನ ಮನೆಯವನು ಒಮ್ಮೆ ಛಾವಣಿಗೆ ಕೋಲಿನಿಂದ ಕುಟ್ಟಿದ. ಅವ್ವ ಮಾತ್ರ ಬಿಸಿನೀರಿನ ಬಟ್ಟೆ ಹಿಡಿದು ಎದುರಿಗೆ ಕೂತು, “ಕುಡೀಲಿ ಬಿಡು, ಕುಡದಷ್ಟೂ ಹಾಲು ಬರತೈತಿ,” ಎನ್ನುತ್ತಿದ್ದಳು. ಅದು ನಿಜವೇ. ಆದರೆ ಆ ಹೊತ್ತಿನಲ್ಲಿ ನಿಜ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ನಮ್ಮ ಮೇಲಿನ ಮನೆಯಲ್ಲಿ ಫ್ಲಾವಿಯಾ ಆಂಟಿ ಇದ್ದರು. ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ನರು, ವೃದ್ಧಾಶ್ರಮವೊಂದರಲ್ಲಿ ಶಿಫ್ಟ್ ಕೆಲಸ. ನಿಧಿಗೆ ಎರಡು ವಾರವಾದಾಗ ಒಂದು ಸಂಜೆ ಯೂನಿಫಾರ್ಮಿನಲ್ಲೇ ಬಾಗಿಲು ತಟ್ಟಿದರು. ಕೈಯಲ್ಲಿ ಒಂದು ಡಬ್ಬಿ ಕಡುಬು, ಅದರ ಮೇಲೆ ಒಂದು ಪುಟ್ಟ ಪೊಟ್ಟಣ.

“ಎಂತ ಸವಿತಾ, ಮಗು ಇಷ್ಟು ಕೂಗುದು? ನೋಡಿ, ಇದೊಂದು ಬಾಯಿಗೆ ಇಡಿ. ನನ್ನ ಮೂರು ಮಕ್ಕಳೂ ಡಮ್ಮಿಯಲ್ಲೇ ದೊಡ್ಡ ಆದದ್ದು. ನಿಮಗೂ ಸ್ವಲ್ಪ ಉಸಿರು ಬಿಡ್ಲಿಕ್ಕೆ ಬೇಕಲ್ಲ ಮಾರಾಯ್ತಿ.”

ಉಸಿರು ಬಿಡಲು ಬೇಕು ಎಂದು ನನಗೆ ಅಲ್ಲಿಯ ತನಕ ಯಾರೂ ಹೇಳಿರಲಿಲ್ಲ. ಅಳು ಬಂತು. ಅವ್ವ ಎದ್ದು ಬಂದು ಪೊಟ್ಟಣ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು.

“ಇದು ಬ್ಯಾಡ್ರಿ ಬಾಯಾರ. ಇದನ್ನ ಚೀಪಿದ ಕೂಸು ಎದಿ ಮರೀತೈತಿ. ಸುಳ್ಳು ಮೊಲಿ ಇದು.”

“ಇಲ್ಲಿ ಎಲ್ಲರೂ ಕೊಡ್ತಾರೆ ಅಮ್ಮಾ.”

“ಎಲ್ಲಾರೂ ಕೊಟ್ರ ಅದು ಹಾಲು ಆಗತೈತೇನ್ರಿ?”

ಆಂಟಿ ನಕ್ಕು, ಕಡುಬಿನ ಡಬ್ಬಿ ಇಟ್ಟು ಹೋದರು. ಡಮ್ಮಿಯನ್ನು ಅವ್ವ ಫ್ರಿಜ್ಜಿನ ಮೇಲೆ, ನನ್ನ ಕೈಗೆ ಸುಲಭವಾಗಿ ಎಟುಕದಷ್ಟು ಹಿಂದಕ್ಕೆ ಸರಿಸಿಟ್ಟಳು. ಮೂವತ್ತೆರಡು ವರ್ಷದ ನಾನು, ನನ್ನದೇ ಮನೆಯಲ್ಲಿ, ಫ್ರಿಜ್ಜಿನ ಮೇಲೆ ಏನಿರಬೇಕೆಂದು ಹೇಳಲಾರದೆ ಕೂತಿದ್ದೆ.

ಐದನೆಯ ವಾರ ಹೆಲೆನ್ ಎಂಬ ನರ್ಸ್ ಮನೆಗೆ ಬಂದರು. ಈ ಊರಲ್ಲಿ ಕೂಸು ಹುಟ್ಟಿದ ಮನೆಗೆ ಬಂದು ನೋಡಿಹೋಗುವ ಸರ್ಕಾರಿ ನರ್ಸ್. ಅವ್ವನೂ ಅದೇ ಕೆಲಸ ಮಾಡಿದವಳೆಂದು ತಿಳಿದು ಕೈ ಕುಲುಕಿದರು. ನಿಧಿಯನ್ನು ತೂಗಿ, ನಾಲ್ಕು ಕಿಲೋ ನೂರು ಗ್ರಾಂ, ಬಹಳ ಚೆನ್ನಾಗಿದೆ ಎಂದು ಕೂಸಿನ ಆರೋಗ್ಯದ ನೀಲಿ ಪುಸ್ತಕದಲ್ಲಿ ಬರೆದರು. ನಾನು ಡಮ್ಮಿಯ ವಿಷಯ ಕೇಳಿದೆ. ಅವರು ನಿಧಾನವಾಗಿ ಹೇಳಿದರು: ಮೊದಲ ವಾರಗಳಲ್ಲಿ ಬೇಡ ಅನ್ನುವುದು ಕೂಸು ಎದೆ ಹಿಡಿಯುವುದನ್ನು ಸರಿಯಾಗಿ ಕಲಿಯಲಿ ಎಂದು. ಈಗ ಕಲಿತಿದ್ದಾಳೆ, ತೂಕ ಬಂದಿದೆ. ಬೇಕಿದ್ದರೆ ಕೊಡಬಹುದು. ಆದರೆ ಹಾಲು ಕುಡಿಸಿದ ಮೇಲೆ ಮಲಗಿಸಲು ಕೊಡಿ, ಹಾಲಿನ ಬದಲಿಗೆ ಕೊಡಬೇಡಿ. ಕೂಸು ಹಸಿದಿದೆಯಾ ಎಂದು ಮೊದಲು ನೋಡಿ.

ನಾನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ: “ಕೊಡಬಹುದಂತ.”

ಅವ್ವನಿಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತಿತ್ತು. “ಹಾಲಿನ ಬದಲಿ ಬ್ಯಾಡ ಅಂತನೂ ಅಂದ್ರು,” ಎಂದಳು.

ಒಂದೇ ಮಾತಿನ ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ಅವ್ವ. ಹೆಲೆನ್ ಕಾರು ಹತ್ತಿ ಹೋಗುವುದರೊಳಗೆ ನಾನು ಕುರ್ಚಿ ಹಾಕಿ ಫ್ರಿಜ್ಜಿನ ಮೇಲಿಂದ ಪೊಟ್ಟಣ ಇಳಿಸಿದ್ದೆ.

ಕುದಿಸಿ ಆರಿಸಿ ಬಾಯಿಗಿಟ್ಟಾಗ ನಿಧಿ ಮೊದಲು ಉಗುಳಿದಳು. ಎರಡನೆಯ ಸಲ ಹಿಡಿದಳು. ಕಣ್ಣು ಅರೆಮುಚ್ಚಿ, ಮೂಗಿನ ಹೊಳ್ಳೆ ಅಲುಗಿಸುತ್ತ ಚೀಪತೊಡಗಿದಳು. ಆ ಸಂಜೆ ಐದಾಯಿತು, ಆರಾಯಿತು, ಅಳಲಿಲ್ಲ. ನಾನು ಒಂದು ತಿಂಗಳಲ್ಲಿ ಮೊದಲ ಬಾರಿಗೆ ಬಿಸಿಯಾಗಿರುವಾಗಲೇ ಅನ್ನ ಉಂಡೆ. ಆಫೀಸಿನಿಂದ ಬಂದ ಗುರು ಬಾಗಿಲಲ್ಲೇ ನಿಂತು, “ಏನಿದು, ಇಷ್ಟು ಸೈಲೆಂಟ್? ಮನೆ ಮಿಸ್ ಆಯ್ತೇನೋ ಅಂದ್ಕೊಂಡೆ,” ಎಂದ.

ಗುರು ಬೆಂಗಳೂರಿನವನು, ಎಲ್ಲಕ್ಕೂ ಒಂದು ಪದ್ಧತಿ ಬೇಕು ಅವನಿಗೆ. ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡ. ಅದು ಮೂರು ಗಂಟೆಗೊಮ್ಮೆ ಹಾಲಿನ ಹೊತ್ತು ಎಂದು ಗಂಟೆ ಹೊಡೆಯುತ್ತಿತ್ತು. ನಡುವೆ ನಿಧಿ ಬಾಯಿ ತೆರೆದರೆ, “ಇನ್ನೂ ಟೈಮ್ ಆಗಿಲ್ಲ ಸವಿ, ಡಮ್ಮಿ ಕೊಡು, ರೊಟೀನ್ ಸೆಟ್ ಆಗ್ಲಿ,” ಎನ್ನುತ್ತಿದ್ದ. ನನಗೂ ಅದೇ ಬೇಕಿತ್ತು. ಮೂರು ಗಂಟೆ ಕೆಲವೊಮ್ಮೆ ಮೂರೂವರೆಯಾಯಿತು, ನಾಲ್ಕಾಯಿತು. ಗಾಯ ಒಣಗಿತು. ಎದೆಯ ಬಿಗಿತ ಕಡಿಮೆಯಾಯಿತು. ಬಿಗಿತ ಕಡಿಮೆಯಾದದ್ದು ಹಾಲು ಕಡಿಮೆಯಾದ್ದರಿಂದ ಎಂದು ನನಗೆ ಹೊಳೆಯಲಿಲ್ಲ. ನಾನು ನರ್ಸಬಾಯಿಯ ಮಗಳು!

ಆರನೆಯ ವಾರದ ಕೊನೆಗೆ ಜಗಳವಾಯಿತು. ನಾನು ಸ್ನಾನ ಮುಗಿಸಿ ಬಂದರೆ ನಿಧಿ ಅಳುತ್ತಿದ್ದಳು, ಡಮ್ಮಿ ಎಲ್ಲೂ ಇಲ್ಲ. ಹೊಸದಾಗಿ ತಂದಿದ್ದ ಇನ್ನೆರಡೂ ಇಲ್ಲ. ಅಡುಗೆಮನೆಯ ಕಸದ ಬುಟ್ಟಿಯಲ್ಲಿ, ಈರುಳ್ಳಿ ಸಿಪ್ಪೆಯ ಕೆಳಗೆ ಮೂರೂ ಸಿಕ್ಕವು.

“ಅವ್ವಾ, ಏನಿದು?”

“ಕೂಸು ಹಸದೈತಿ ಸವಿ. ಕೈ ಬಾಯಾಗ ಇಟ್ಕೊಂಡ ಎದಿ ಹುಡಕಾಕತ್ತೈತಿ. ಅದಕ್ಕ ರಬ್ಬರ ಕೊಟ್ಟ ಕುಂಡ್ರಸ್ತೀ ಅಲ್ಲ ನೀ.”

“ಎರಡ ತಾಸಿನ ಹಿಂದ ಕುಡಿಸೀನಿ.”

“ಕೂಸಿಗೆ ಗಡಿಯಾರ ಗೊತ್ತೈತೇನ?”

ಆಮೇಲೆ ನಾನು ಆಡಿದ್ದು ನನಗೆ ಅಕ್ಷರಶಃ ನೆನಪಿದೆ. “ಇದು ನಿನ್ನ ಕಲಘಟಗಿ ದವಾಖಾನಿ ಅಲ್ಲ. ನಿನ್ನ ಕಾಲ ಮುಗೀತು, ರಿಟೈರ್ ಆದಿ. ನನ್ನ ಕೂಸಿನ ವಿಷಯದಾಗ ಇನ್ನ ಒಂದ ಮಾತ ಆಡಬ್ಯಾಡ. ಅಡಗಿ ಮಾಡಾಕ ಬಂದಿ, ಅಡಗಿ ಮಾಡು.”

ಗುರು ಕೋಣೆಯಿಂದ ಹೊರಗೆ ಬಂದವನು ಹಾಗೇ ಒಳಗೆ ಹೋದ. ಅವ್ವ ಸೆರಗಿನಿಂದ ಕೈ ಒರೆಸಿಕೊಂಡು ನನ್ನನ್ನು ಒಂದು ಕ್ಷಣ ನೋಡಿದಳು. “ಆಯ್ತವಾ,” ಎಂದಳು. ಬೈಯಲಿಲ್ಲ, ಅಳಲಿಲ್ಲ. ಒಲೆಯ ಕಡೆ ತಿರುಗಿ ಪಲ್ಯಕ್ಕೆ ಒಗ್ಗರಣೆ ಹಾಕಿದಳು. ನಾನು ಗೆದ್ದೆ ಅಂದುಕೊಂಡೆ.

ಅದೇ ದಿನಗಳಲ್ಲಿ ಗುರುವಿಗೆ ಮೆಲ್ಬರ್ನ್‌ಗೆ ವರ್ಗವಾಯಿತು. ಅಲ್ಲಿನ ಬಾಕ್ಸ್ ಹಿಲ್ ಬಡಾವಣೆಯಲ್ಲಿ ಅಪಾರ್ಟ್‌ಮೆಂಟ್ ಗೊತ್ತುಮಾಡಿದ. ಎರಡು ವಾರ ಬರೀ ಡಬ್ಬ ಕಟ್ಟುವ ಕೆಲಸ. ಸಿಡ್ನಿಯ ನರ್ಸ್ ಹತ್ತಿರ ಮುಂದಿನ ತೂಕಕ್ಕೆ ಹೋಗಬೇಕಿತ್ತು, ಹೋಗಲಾಗಲಿಲ್ಲ. ಮೆಲ್ಬರ್ನ್‌ನಲ್ಲೇ ಮಾಡಿಸಿದರಾಯಿತು ಎಂದುಕೊಂಡೆವು. ನಿಧಿ ಡಮ್ಮಿ ಚೀಪುತ್ತ ತೊಟ್ಟಿಲಲ್ಲಿ ಮಲಗಿರುತ್ತಿದ್ದಳು. ಮನೆಗೆ ಬಂದವರೆಲ್ಲ, “ಎಷ್ಟು ಒಳ್ಳೆ ಮಗು, ಅಳೋದೇ ಇಲ್ಲ,” ಎಂದರು. ಅವ್ವ ಈ ಎರಡು ವಾರದಲ್ಲಿ ಊಟಕ್ಕೆ ಕರೆಯುವುದು, ಬಟ್ಟೆ ಕೇಳುವುದು ಬಿಟ್ಟರೆ ಮಾತೇ ಆಡಲಿಲ್ಲ. ಒಂದು ಸಲ ಮಾತ್ರ, ನಿಧಿಯ ಲಂಗೋಟಿ ಬದಲಿಸುತ್ತ ನನ್ನ ಕಡೆ ನೋಡದೆ ಕೇಳಿದಳು: “ತೂಕ ಯಾವಾಗ ಮಾಡ್ತಾರ?”

“ಮೆಲ್ಬರ್ನ್‌ನಾಗ,” ಎಂದೆ. ಅದನ್ನು ಚುಚ್ಚುಮಾತು ಎಂದುಕೊಂಡಿದ್ದೆ.

ಆಗಸ್ಟಿನ ಒಂದು ಬೆಳಿಗ್ಗೆ ಕಾರಿನಲ್ಲಿ ಹೊರಟೆವು. ಸಿಡ್ನಿಯಿಂದ ಮೆಲ್ಬರ್ನ್‌ಗೆ ಒಂದು ದಿನದ ದಾರಿ. ಕೂಸಿದೆ ಎಂದು ಎರಡು ದಿನ ಮಾಡಿಕೊಂಡೆವು. ಗೋಲ್ಬರ್ನ್ ದಾಟುವಾಗ ಬಯಲಿನ ಮೇಲೆಲ್ಲ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಕುರಿಗಳು ಕಲ್ಲಿನಂತೆ ನಿಂತಿದ್ದವು. ಹಿಂದಿನ ಸೀಟಿನಲ್ಲಿ ಕೂಸಿನ ಸೀಟು, ಅದರ ಪಕ್ಕ ಅವ್ವ. ಡಮ್ಮಿ ಬಿದ್ದಾಗಲೆಲ್ಲ ನಾನು ಮುಂದಿನಿಂದ ಕೈ ಚಾಚಿ ಇಡುತ್ತಿದ್ದೆ. ಅವ್ವ ಅದನ್ನು ಮುಟ್ಟಲಿಲ್ಲ, ತಡೆಯಲೂ ಇಲ್ಲ. ಆದರೆ ದಾರಿಯುದ್ದಕ್ಕೂ ಎರಡು ಬೆರಳಿನಿಂದ ನಿಧಿಯ ನೆತ್ತಿ ಸವರುತ್ತಿದ್ದಳು. ಸವರಿ, ತುಸು ಒತ್ತಿ ನೋಡಿ, ಕೈ ತೆಗೆದು, ಸ್ವಲ್ಪ ಹೊತ್ತಿಗೆ ಮತ್ತೆ ಸವರುತ್ತಿದ್ದಳು. ಮೊಮ್ಮಗಳ ಮೇಲೆ ಪ್ರೀತಿ, ನನ್ನ ಮೇಲೆ ಸಿಟ್ಟು ಎಂದು ನಾನು ಮುಖ ತಿರುಗಿಸಿಕೊಂಡೆ.

ಬಾಕ್ಸ್ ಹಿಲ್‌ಗೆ ಬಂದ ನಾಲ್ಕನೆಯ ದಿನ ಮಕ್ಕಳ ಆರೋಗ್ಯ ಕೇಂದ್ರಕ್ಕೆ ಹೋದೆವು. ಗುರು ಹೊಸ ಆಫೀಸಿಗೆ ಹೋಗಿದ್ದ. ನಾನು, ಅವ್ವ, ನಿಧಿ. ಹೊರಗೆ ಸಣ್ಣ ಮಳೆ, ಮೂಳೆಗೆ ತಾಗುವ ಗಾಳಿ. ಅಲ್ಲಿನ ನರ್ಸ್ ಜಾಯ್ಸ್, ಮಲೇಷ್ಯಾದ ಚೀನೀ ಹೆಂಗಸು, ಐವತ್ತು ದಾಟಿದವರು. ನಿಧಿಯ ಬಟ್ಟೆ ಬಿಚ್ಚಿಸಿ ತಕ್ಕಡಿಯಲ್ಲಿಟ್ಟರು. ಅಂಕಿ ನಿಂತಿತು. ಅವರು ನಿಧಿಯನ್ನು ಎತ್ತಿ, ತಕ್ಕಡಿಯನ್ನು ಸೊನ್ನೆಗೆ ತಂದು, ಮತ್ತೆ ಇಟ್ಟರು. ಅದೇ ಅಂಕಿ. ನಾಲ್ಕು ಕಿಲೋ ಇನ್ನೂರು. ನಾಲ್ಕು ವಾರಕ್ಕೆ ನೂರು ಗ್ರಾಂ.

“ದಿನಕ್ಕೆ ಎಷ್ಟು ಸಲ ಕುಡಿಸುತ್ತೀರಿ?” ಕೇಳಿದರು.

“ಆರು. ಕೆಲವೊಮ್ಮೆ ಐದು.”

“ಡಮ್ಮಿ?”

ಅದು ನನ್ನ ಕೈಯಲ್ಲಿದ್ದ ನಿಧಿಯ ಅಂಗಿಗೆ ಕ್ಲಿಪ್ಪಿನಿಂದ ನೇತಾಡುತ್ತಿತ್ತು.

ಜಾಯ್ಸ್ ದನಿ ಏರಿಸಲಿಲ್ಲ. ಡಮ್ಮಿ ಕೆಟ್ಟದ್ದಲ್ಲ, ಎಷ್ಟೋ ತಾಯಂದಿರು ಬಳಸುತ್ತಾರೆ ಎಂದರು. ಆದರೆ ಕೂಸು ತನಗೆ ಹಾಲು ಬೇಕೆಂದು ಹೇಳುವುದು ಬಾಯಿಂದಲೇ, ಅಳುವ ಮೊದಲೇ ತುಟಿ ಚಪ್ಪರಿಸಿ, ಕೈ ಚೀಪಿ ಹೇಳುತ್ತದೆ. ಆ ಬಾಯಿಗೆ ಸದಾ ಡಮ್ಮಿ ಇದ್ದರೆ ಅದು ಹೇಳುವುದು ಹೇಗೆ? ನಿಮ್ಮ ಮಗಳು ಹಾಲು ಕೇಳಿದ್ದಾಳೆ, ಚೀಪುತ್ತ ದಣಿದು ಮಲಗಿದ್ದಾಳೆ. ಅವಳು ಕುಡಿಯದ್ದರಿಂದ ನಿಮ್ಮ ಹಾಲೂ ಕಡಿಮೆಯಾಗಿದೆ. ಅವತ್ತೇ ಡಾಕ್ಟರಿಗೆ ತೋರಿಸಬೇಕೆಂದು ಚೀಟಿ ಬರೆದರು. ಬೇರೆ ಕಾಯಿಲೆ ಏನೂ ಇಲ್ಲವೆಂದು ಡಾಕ್ಟರು ಆಮೇಲೆ ಹೇಳಿದರು. ಆ ಹೊತ್ತಿನಲ್ಲಿ ನನಗೆ ಅದು ಗೊತ್ತಿರಲಿಲ್ಲ. ಬಟ್ಟೆಯಿಲ್ಲದೆ ತಕ್ಕಡಿಯ ಮೇಲೆ ಮಲಗಿದ್ದ ನಿಧಿಯ ತೊಡೆಯನ್ನು ನಾನು ಮೊದಲ ಬಾರಿಗೆ ನೋಡಿದಂತೆ ನೋಡಿದೆ. ಚರ್ಮ ಸಡಿಲವಾಗಿ ಮಡಿಕೆ ಬಿದ್ದಿತ್ತು. ದಿನವೂ ಮೀಯಿಸುತ್ತಿದ್ದವಳು ನಾನೇ.

“ನಾ ಹೇಳಿದ್ನಿಲ್ಲೋ” ಎಂದು ಅವ್ವ ಈಗ ಹೇಳುತ್ತಾಳೆ ಎಂದು ಕಾದೆ. ಹೇಳಲಿಲ್ಲ. ಜಾಯ್ಸ್ ಕಡೆ ತಿರುಗಿ ತನ್ನ ಇಂಗ್ಲಿಷಿನಲ್ಲಿ, ನಾನೂ ನರ್ಸ್, ನನಗೆ ಗೊತ್ತಿತ್ತು, ಲಂಗೋಟಿ ಒದ್ದೆಯಾಗುವುದು ಕಡಿಮೆಯಾಗಿತ್ತು, ನಾನು ನೋಡಿದ್ದೆ, ಎಂದಳು.

ಕೇಂದ್ರದ ಹೊರಗೆ ಬಸ್ ತಂಗುದಾಣದ ಬೆಂಚಿನ ಮೇಲೆ ಕೂತು ನಿಧಿಗೆ ಎದೆ ಕೊಟ್ಟೆ. ಹಸಿದಿದ್ದವಳು ಗಬಗಬ ಹೀರಿದಳು. ಅವಳ ಗುಟುಕಿನ ಸದ್ದು ಕೇಳುತ್ತ ನನ್ನ ಒಳಗಿನ ಭಯವೆಲ್ಲ ಸಿಟ್ಟಾಯಿತು.

“ಗೊತ್ತಿತ್ತು ಅಂದ್ಯಲ್ಲ. ಯಾವಾಗಿಂದ ಗೊತ್ತಿತ್ತು?”

“ಹತ್ತ ದಿನ ಆತು. ಮೈಯಾಗ ನೀರ ಕಡಿಮಿ ಆದ್ರ ನೆತ್ತಿ ಒಳಗ ಹೋಗತೈತಿ, ಅದನ್ನ ನೋಡ್ತಿದ್ನಿ. ಅಷ್ಟೇನ ಒಳಗ ಹೋಗಿರಲಿಲ್ಲ. ಹೋಗಿದ್ರ ಹೇಳ್ತಿದ್ನಿ.”

“ಹೋಗೂತನಾ ಕಾಯ್ತಿದ್ದೀ? ಕೂಸು ಉಪವಾಸ ಬಿದ್ದಿದ್ದು ನೋಡಿ ಸುಮ್ಮ ಕೂತೀ? ನನ್ನ ಸೋಲಸಾಕ?”

“ಸೋಲಸಾಕ ಅಲ್ಲ.”

“ಮತ್ತ ಯಾಕ?”

“ನೀ ಮಾತಾಡಬ್ಯಾಡ ಅಂದಿ. ನಾ ಮಾತಾಡಲಿಲ್ಲ.”

“ನಾ ಅಂದ್ರ ಏನಾತು? ನೀ ನರ್ಸ್ ಅಲ್ಲೇನ? ಅಜ್ಜಿ ಅಲ್ಲೇನ? ಕಪಾಳಕ್ಕ ಹೊಡದು ಹೇಳಬೇಕಿತ್ತು!”

ಬಸ್ಸಿಗೆ ಕಾಯುತ್ತಿದ್ದ ಚೀನೀ ಅಜ್ಜಿಯೊಬ್ಬರು ನಮ್ಮಿಬ್ಬರನ್ನೂ ನೋಡಿ, ತಮ್ಮ ಕೊಡೆಯನ್ನು ನಿಧಿಯ ಕಾಲಿನ ಕಡೆ ಸರಿಸಿ ಹಿಡಿದರು. ಮಳೆ ಒಳಗೆ ಎರಚುತ್ತಿತ್ತು. ಅವ್ವ ಕೆಳಗೆ ನೋಡುತ್ತ ಕೂತಳು. ಅವಳ ಮೇಲೆ ಕೂಗುವಷ್ಟು ಹಕ್ಕು ನನಗಿಲ್ಲ ಎಂದು ಗೊತ್ತಿತ್ತು; ಗೊತ್ತಿದ್ದೂ ಕೂಗಿದೆ. ತಪ್ಪು ನನ್ನದಾಗಿತ್ತು. ಅದನ್ನು ಒಬ್ಬಳೇ ಹೊರಲು ಆಗಲಿಲ್ಲ, ಅರ್ಧ ಅವಳ ತಲೆಗೆ ಹೊರಿಸಿದೆ. ಆದರೆ ಆ ಅರ್ಧ ಪೂರ್ತಿ ಸುಳ್ಳೂ ಆಗಿರಲಿಲ್ಲ.

ಸಂಜೆ ಗುರು ಬಂದಾಗ ಹೇಳಿದೆ. ಅವನು ಬಹಳ ಹೊತ್ತು ಆ್ಯಪ್‌ನಲ್ಲಿ ಹಿಂದಿನ ದಿನಗಳನ್ನೆಲ್ಲ ತಿರುಗಿಸಿ ನೋಡಿದ. ಎಲ್ಲ ಹೊತ್ತೂ ಸರಿಯಾಗಿ ದಾಖಲಾಗಿದ್ದವು, ಎಲ್ಲಕ್ಕೂ ಹಸಿರು ಗುರುತಿತ್ತು. “ಎಲ್ಲಾ ಕರೆಕ್ಟಾಗೇ ಮಾಡಿದ್ವಲ್ಲ ಸವಿ,” ಎಂದ, ಮಗುವಿನಂತೆ. ನಂತರ ಅವ್ವನ ಎದುರಿಗೆ ಹೋಗಿ ನಿಂತ. “ಅತ್ತೆ, ಏನು ಮಾಡ್ಬೇಕು ಹೇಳಿ. ನೀವು ಹೇಳಿದ ಹಾಗೆ ಮಾಡ್ತೀವಿ.” ಆ್ಯಪ್ ಅಳಿಸಿಹಾಕಿದ. ಈ ಸಣ್ಣ ಮಾತು ನನ್ನ ಬಾಯಿಂದ ಬರಬೇಕಿತ್ತು. ಬಂದಿರಲಿಲ್ಲ.

ಮುಂದಿನ ಆರು ವಾರ ನಾವು ಮೂವರೂ ನಿಧಿಯ ಬಾಯಿಯನ್ನೇ ನೋಡುತ್ತ ಬದುಕಿದೆವು. ತುಟಿ ಅಲುಗಿದರೆ ಎದೆ. ಕೈ ಬಾಯಿಗೆ ಹೋದರೆ ಎದೆ. ದಿನಕ್ಕೆ ಹತ್ತು ಸಲ, ಕೆಲವು ದಿನ ಹನ್ನೆರಡು. ಗಾಯ ಮತ್ತೆ ಬಾಯಿ ತೆರೆಯಿತು. ಜಾಯ್ಸ್ ನಾನು ಕೂಸನ್ನು ಹಿಡಿಯುವ ರೀತಿಯನ್ನು ತಿದ್ದಿದರು. ಇಷ್ಟು ದಿನ ಅವಳ ಬಾಯಿ ತೊಟ್ಟಿನ ತುದಿಯನ್ನಷ್ಟೇ ಹಿಡಿಯುತ್ತಿತ್ತಂತೆ, ನೋವಿಗೆ ಅದೇ ಕಾರಣವಂತೆ. ಅಷ್ಟನ್ನು ಎರಡನೆಯ ವಾರದಲ್ಲೇ ಯಾರಾದರೂ ಕೂತು ನೋಡಿದ್ದರೆ ಫ್ರಿಜ್ಜಿನ ಮೇಲಿನ ಪೊಟ್ಟಣ ಅಲ್ಲೇ ಇರುತ್ತಿತ್ತೇನೋ. ಅವ್ವ ಹೆರಿಗೆ ಮಾಡಿಸಿದ ನೂರಾರು ಹೆಂಗಸರಿಗೆ ಅದನ್ನು ತೋರಿಸಿಕೊಟ್ಟವಳು, ಮಗಳ ಎದೆಯ ಹತ್ತಿರ ಬಗ್ಗಿ ನೋಡಲು ಸಂಕೋಚಪಟ್ಟಿದ್ದಳು. ನಾನೂ ಸೆರಗು ಹೊದ್ದೇ ಕೂರುತ್ತಿದ್ದೆ.

ನನ್ನ ಹಾಲು ಸಾಲುವ ತನಕ ದಿನಕ್ಕೆ ಎರಡು ಸಲ ಪುಡಿಹಾಲು ಕೊಡಿ ಎಂದರು ಜಾಯ್ಸ್. ನಾನು ಅವ್ವನ ಮುಖ ನೋಡಿದೆ. ಮೂವತ್ತೊಂದು ವರ್ಷ ಪುಡಿಹಾಲಿನ ಡಬ್ಬಿಗಳನ್ನು ಬೈದವಳು ತಾನೇ ನೀರು ಕಾಯಿಸಿ, ಕಲಸಿ, ಊರಿನಿಂದ ತಂದ ಒಳಲೆಯಲ್ಲಿ ಗುಟುಕು ಗುಟುಕಾಗಿ ಕುಡಿಸಿದಳು. ಡಮ್ಮಿಯೂ ಹೋಗಲಿಲ್ಲ. ಹೊಟ್ಟೆ ತುಂಬಿದ ಮೇಲೂ ನಿಧಿಗೆ ಚೀಪುವುದು ಬೇಕಿತ್ತು, ನನಗೂ ಬಿಡುವು ಬೇಕಿತ್ತು. ಆದರೆ ಈಗ ಅದು ಅವ್ವನ ಸ್ವೆಟರಿನ ಜೇಬಿನಲ್ಲಿ, ಮುಚ್ಚಳವಿದ್ದ ಸಣ್ಣ ಡಬ್ಬಿಯಲ್ಲಿರುತ್ತಿತ್ತು. ದಿನಕ್ಕೆ ಎರಡು ಸಲ ಕುದಿಸುತ್ತಿದ್ದಳು. ನಿಧಿ ಎರಡೂ ಎದೆ ಕುಡಿದು, ಮುಷ್ಟಿ ಸಡಿಲಿಸಿ ಬೆರಳು ಬಿಡಿಸಿದ ಮೇಲಷ್ಟೇ ಅದು ಹೊರಗೆ ಬರುತ್ತಿತ್ತು. ನಿದ್ದೆ ಹತ್ತಿ ಬಾಯಿಂದ ಜಾರಿದರೆ ಮತ್ತೆ ಡಬ್ಬಿಗೆ. ನಾನು ಕೈ ಚಾಚಿದರೆ ಒಮ್ಮೊಮ್ಮೆ ಕೊಡುತ್ತಿರಲಿಲ್ಲ. “ಇನ್ನೊಮ್ಮೆ ಎದಿ ತೋರಸು, ಬ್ಯಾಡ ಅಂದ್ರ ಕೊಡ್ತೀನಿ,” ಎನ್ನುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಎದೆ ತೋರಿಸುತ್ತಿದ್ದೆ. ಹತ್ತರಲ್ಲಿ ಆರು ಸಲ ನಿಧಿ ಕುಡಿಯುತ್ತಿದ್ದಳು. ಅದರಿಂದ ಇನ್ನೂ ಸಿಟ್ಟು ಬರುತ್ತಿತ್ತು.

ತೂಕ ಏರಿತು. ಮೊದಲ ವಾರ ಸ್ವಲ್ಪ, ಎರಡನೆಯ ವಾರ ಚೆನ್ನಾಗಿ. ಸೆಪ್ಟೆಂಬರ್ ಕೊನೆಗೆ ಪುಡಿಹಾಲು ನಿಂತಿತು. ಹೊಟ್ಟೆ ತುಂಬಿದ ನಿಧಿ ಜೋರಾಗಿ ಅಳುವುದನ್ನೂ ಜೋರಾಗಿ ನಗುವುದನ್ನೂ ಒಟ್ಟಿಗೆ ಕಲಿತಳು. ಈಗ ಅವಳನ್ನು ಯಾರೂ “ಎಷ್ಟು ಒಳ್ಳೆ ಮಗು” ಎನ್ನುತ್ತಿರಲಿಲ್ಲ.

ಅಕ್ಟೋಬರಿನ ಒಂದು ಮಧ್ಯಾಹ್ನ, ಬಾಲ್ಕನಿಯಲ್ಲಿ ಬಿಸಿಲಿಗೆ ಎಣ್ಣೆ ಹಚ್ಚಿ ನಿಧಿಯ ಕಾಲು ತಿಕ್ಕುತ್ತ ಅವ್ವ ತಾನಾಗಿ ಬಾಯಿ ತೆರೆದಳು. ಕೆಲಸಕ್ಕೆ ಸೇರಿದ ಮೊದಲ ವರ್ಷದ ಮಾತಂತೆ. ಆಗ ಆಕೆಗೆ ಇಪ್ಪತ್ತೆರಡು. ಒಂದು ಹಳ್ಳಿಯ ದೊಡ್ಡ ಮನೆಯಲ್ಲಿ ಎರಡೂವರೆ ತಿಂಗಳ ಗಂಡು ಕೂಸು. ಅದರ ಬಾಯಿಗೆ ಕೊಡುವ ರಬ್ಬರ್ ನಿಪ್ಪಲ್ಲು ದನದ ಕೊಟ್ಟಿಗೆಯ ಗೂಟಕ್ಕೆ ನೇತಾಡುತ್ತಿತ್ತಂತೆ, ನೊಣ ಮುತ್ತಿಕೊಂಡು. ಅದನ್ನು ಕೊಡಬೇಡಿ ಎಂದದ್ದಕ್ಕೆ ಆ ಮನೆಯ ಹಿರಿಯಳು ಓಣಿಗೆಲ್ಲ ಕೇಳುವಂತೆ ಬೈದಳಂತೆ: ನಿನ್ನ ಕೆಲಸ ಸೂಜಿ ಹಾಕೋದು, ಹಾಕಿ ಹೋಗು, ಮದುವಿ ಆಗದ ಹುಡುಗಿ ನಮಗ ಕೂಸು ಸಾಕೋದು ಕಲಸಬ್ಯಾಡ.

“ನಾ ಸುಮ್ಮ ಹೊಂಟ ಬಂದ್ನಿ. ಎಂಟ ದಿನ ಆ ಓಣಿಗೆ ಕಾಲ ಇಡಲಿಲ್ಲ. ಒಂಬತ್ತನೇ ದಿನ ಹೋದ್ರ ಮನಿ ಮುಂದ ಜನ ನಿಂತಿದ್ರು. ವಾಂತಿ ಭೇದಿ.”

ನಿಧಿಯ ಕಾಲು ತಿಕ್ಕುವುದು ನಿಲ್ಲಲಿಲ್ಲ. “ಎಂಟ ದಿನ,” ಎಂದಳು ಮತ್ತೆ. “ನಡಕೊಂಡ ಹೋದ್ರ ಕಾಲ ತಾಸಿನ ದಾರಿ.”

ಹಾಗಿದ್ದೂ ಈ ಸಲ ಮತ್ತೆ ಹತ್ತು ದಿನ ಸುಮ್ಮನಿದ್ದೆಯಲ್ಲ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಆಕೆಗೆ ಅದೇ ನೋವು ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಬಾಟಲಿಯಿಂದ ನನ್ನ ಕೈಗೂ ಸ್ವಲ್ಪ ಎಣ್ಣೆ ಸುರಿದುಕೊಂಡು ಇನ್ನೊಂದು ಕಾಲು ತಿಕ್ಕಿದೆ.

ನವೆಂಬರಿನಲ್ಲಿ ಅವ್ವನ ಆರು ತಿಂಗಳ ವೀಸಾ ಮುಗಿಯಿತು. ವಿಮಾನ ನಿಲ್ದಾಣದಲ್ಲಿ ಗುರು ಸಾಮಾನು ತೂಗಿಸುವ ಸಾಲಿನಲ್ಲಿದ್ದ. ನಿಧಿ ಅವ್ವನ ಹೆಗಲ ಮೇಲೆ ಆಕೆಯ ಮಂಗಳಸೂತ್ರ ಜಗ್ಗುತ್ತಿದ್ದಳು. ಆರು ತಿಂಗಳಲ್ಲಿ ನಾನು ಒಮ್ಮೆಯೂ ತಪ್ಪಾಯಿತು ಎಂದಿರಲಿಲ್ಲ. ಆಗ ಹೇಳಿದೆ. ಹೇಳಿದ ರೀತಿಯೂ ಜಗಳದಂತೆಯೇ ಇತ್ತು.

“ಅಡಗಿ ಮಾಡಾಕ ಬಂದಿ ಅಂದ್ನೆಲ್ಲ, ಅದು ತಪ್ಪಾತು. ಆದ್ರ ಇನ್ನ ಮ್ಯಾಲೆ ನೀನೂ ನೋಡಿದ್ದನ್ನ ಹೇಳು. ನಾ ಬೈದ್ರೂ ಹೇಳು.”

ಅವ್ವ ನಿಧಿಯ ಮುಷ್ಟಿಯಿಂದ ಸರ ಬಿಡಿಸಿಕೊಂಡು ಅವಳನ್ನು ನನ್ನ ಕೈಗೆ ಕೊಟ್ಟಳು.

“ಹಂಗ ಮಾತ ಕೊಟ್ರ ಸುಳ್ಳಾಗತೈತಿ ಸವಿ. ಬೈದ್ರ ನಾ ಸುಮ್ಮಾಗತೀನಿ. ಬಾಯಿ ಏಳೂದಿಲ್ಲ ನನಗ. ಸಣ್ಣಾಕಿ ಇದ್ದಾಗಿಂದ ಹಂಗ.” ಸೆರಗು ಸರಿಮಾಡಿಕೊಂಡಳು. “ನೀನ ಕೇಳು. ಕೇಳಿದ್ರ ಎಲ್ಲಾ ಹೇಳ್ತೀನಿ.”

ಗುರು ಬಂದು ಪಾಸ್‌ಪೋರ್ಟು ಕೊಟ್ಟ. ಆಕೆ ಅದನ್ನು ಎರಡು ಸಲ ತೆರೆದು ನೋಡಿ, ಗಾಜಿನ ಬಾಗಿಲಿನ ಒಳಗೆ ಹೋದಳು. ನಾನು ನಿಧಿಯನ್ನು ಹೆಗಲಿಗೆ ಹಾಕಿಕೊಂಡು ಅಲ್ಲೇ ನಿಂತು ಲೆಕ್ಕ ಹಾಕಿದೆ: ಈ ಆರು ತಿಂಗಳಲ್ಲಿ ಗುರುವನ್ನು ಕೇಳಿದ್ದೆ, ಹೆಲೆನ್‌ರನ್ನು ಕೇಳಿದ್ದೆ, ಫ್ಲಾವಿಯಾ ಆಂಟಿಯನ್ನು ಕೇಳಿದ್ದೆ, ಜಾಯ್ಸ್‌ರನ್ನು, ಫೋನನ್ನು ಕೇಳಿದ್ದೆ. ಮೂವತ್ತೊಂದು ವರ್ಷ ಅದೇ ಕೆಲಸ ಮಾಡಿ ಬಂದು ನನ್ನ ಅಡುಗೆಮನೆಯಲ್ಲಿ ನಿಂತಿದ್ದವಳನ್ನು, ಅವ್ವಾ ನಿನಗ ಹೆಂಗ ಅನ್ನಸ್ತೈತಿ ಎಂದು ಒಂದು ಸಲವೂ ಕೇಳಿರಲಿಲ್ಲ.